ಸೇನಾಪತಿ ಒಡೆದ ಲಕೋಟೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಾಯಕರ ಪತ್ರಗಳನ್ನು ಹೇಗೆ ಓದಬೇಕು?

ಒಕ್ಕಣೆ:

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ನಾಯಕರು ಒಬ್ಬರಿಗೊಬ್ಬರು ಬರೆದುಕೊಂಡ ಪತ್ರಗಳಲ್ಲಿ ಕೆಲವನ್ನು ನನ್ನ ಖುಷಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಉದ್ದುದ್ದ ಪತ್ರಗಳು ಹೇಗೋ ಮುಗಿದವು. ಹತ್ತು ಸಾಲೂ ದಾಟದ ಒಂದು ಪತ್ರ ಮಾತ್ರ ಎರಡು ವಾರದಿಂದ ನನ್ನನ್ನು ಸತಾಯಿಸುತ್ತಿದೆ. ಅದನ್ನು ಇಲ್ಲಿಟ್ಟು ನಿಮ್ಮ ಅಭಿಪ್ರಾಯ ಕೇಳೋಣ ಎನಿಸಿತು.

ಹಿನ್ನೆಲೆ ಹೀಗಿದೆ. 1776ರ ನವೆಂಬರ್ 16ರಂದು ನ್ಯೂಯಾರ್ಕಿನ ವಾಷಿಂಗ್ಟನ್ ಕೋಟೆ ಬ್ರಿಟಿಷರ ವಶವಾಗಿ, ಸುಮಾರು 2,800 ಮಂದಿ ಸೈನಿಕರು ಸೆರೆಯಾದರು. ಕೋಟೆಯನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸಲಾಗದೆ ಅಮೆರಿಕದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ತಡಮಾಡಿದ್ದೇ ಈ ನಷ್ಟಕ್ಕೆ ಕಾರಣವೆಂದು ಅವರ ಆಪ್ತನೂ ಸೇನೆಯ ಅಡ್ಜುಟೆಂಟ್ ಜನರಲ್ (ಆಡಳಿತದ ಮುಖ್ಯಾಧಿಕಾರಿ) ಆಗಿದ್ದವನೂ ಆದ ಜೋಸೆಫ್ ರೀಡ್‌ಗೆ ಅನಿಸಿತು. ಆತ ಆ ಮಾತನ್ನು ವಾಷಿಂಗ್ಟನ್‌ಗೆ ಹೇಳದೆ, ಹಡ್ಸನ್ ನದಿಯ ಆಚೆ ದಂಡು ಇಟ್ಟುಕೊಂಡಿದ್ದ ಜನರಲ್ ಚಾರ್ಲ್ಸ್ ಲೀಗೆ ಬರೆದ. ಲೀ ಉತ್ತರಿಸುತ್ತ, ಯುದ್ಧದಲ್ಲಿ ದಡ್ಡತನಕ್ಕಿಂತಲೂ ಪುಕ್ಕಲುತನಕ್ಕಿಂತಲೂ ದೊಡ್ಡ ಅನರ್ಹತೆಯಾದ ಆ ಮಾರಕ ಹೊಯ್ದಾಟದ ಮನಸ್ಸಿನ ಬಗ್ಗೆ ನಿನ್ನೊಡನೆ ನಾನೂ ಮರುಗುತ್ತೇನೆ ಎಂಬರ್ಥದಲ್ಲಿ ಬರೆದ. ಅದು ಬಂದು ತಲಪುವ ಹೊತ್ತಿಗೆ ರೀಡ್ ಬರ್ಲಿಂಗ್ಟನ್‌ಗೆ ಹೋಗಿದ್ದ. ದಂಡಿನ ಕೆಲಸದ ಪತ್ರವಿರಬೇಕೆಂದುಕೊಂಡು ವಾಷಿಂಗ್ಟನ್ ಅದನ್ನು ಒಡೆದು ಓದಿದರು.

ನವೆಂಬರ್ 30ರಂದು ಅವರು ಆ ಪತ್ರವನ್ನು ರೀಡ್‌ಗೆ ಕಳಿಸುತ್ತ ಜೊತೆಗಿಟ್ಟ ಚೀಟಿಯ ಸಾರಾಂಶ ಇದು: ಒಳಗಿರುವ ಪತ್ರವನ್ನು ಹರಕಾರ ನನ್ನ ಕೈಗೆ ಕೊಟ್ಟ; ಇದು ಖಾಸಗಿ ಪತ್ರವೆಂದು ನನಗೆ ತಿಳಿದಿರಲಿಲ್ಲ, ಈ ಪತ್ರವ್ಯವಹಾರ ಹೋಗುತ್ತಿರುವ ದಿಕ್ಕಿನ ಶಂಕೆಯಂತೂ ಇರಲೇ ಇಲ್ಲ; ನಿಮ್ಮ ಕಚೇರಿಯ ಬೇರೆ ಪತ್ರಗಳನ್ನು ಒಡೆದಂತೆಯೇ ಇದನ್ನೂ ಒಡೆದೆ; ಇದು ಸತ್ಯವಾದ್ದರಿಂದ, ಓದಲು ನನಗೆ ಇಚ್ಛೆಯೂ ಉದ್ದೇಶವೂ ಇಲ್ಲದಿದ್ದ ಪತ್ರವನ್ನು ಓದಿದ್ದಕ್ಕೆ ಇದೇ ನನ್ನ ಕ್ಷಮಾಪಣೆ; ಬರ್ಲಿಂಗ್ಟನ್ ಪ್ರಯಾಣದಲ್ಲಿ ನೀವು ಪಟ್ಟ ಶ್ರಮಕ್ಕೆ ಧನ್ಯವಾದ; ಶ್ರೀಮತಿ ರೀಡ್ ಅವರಿಗೆ ನನ್ನ ಗೌರವಪೂರ್ವಕ ವಂದನೆಗಳು.

ನನ್ನ ಪ್ರಶ್ನೆ ಒಂದೇ. ಈ ಚೀಟಿಯಲ್ಲಿರುವುದು ಕ್ಷಮೆಯೋ, ಏಟೋ? ಅದು ನಿಶ್ಚಯವಾಗದೆ ಕನ್ನಡದ ಧಾಟಿ ಕೈಗೆ ಸಿಗುತ್ತಿಲ್ಲ.

ಶಾನುಭೋಗರ ಮೊಮ್ಮಗ:

ನನ್ನ ಮಟ್ಟಿಗೆ ಇದು ಏಟೇ. ನಮ್ಮ ಹಿರಿಯರು ನೆಂಟರೊಡನೆ ಮನಸ್ತಾಪವಾದಾಗ ಬರೆಯುತ್ತಿದ್ದ ಕಾಗದಗಳನ್ನು ನೆನಪಿಸಿಕೊಳ್ಳಿ. ಜಗಳ ಹೆಚ್ಚಿದಷ್ಟೂ "ಉಭಯ ಕುಶಲೋಪರಿ" ಹೆಚ್ಚು ಶಾಸ್ತ್ರೋಕ್ತವಾಗುತ್ತಿತ್ತು, ಮನೆಮಂದಿಗೆಲ್ಲ ಹೆಸರು ಹಿಡಿದು ಆಶೀರ್ವಾದ ತಿಳಿಸಲಾಗುತ್ತಿತ್ತು. ಸಿಟ್ಟು ಇಲ್ಲದವರು ಹೆಂಡತಿಯ ಕ್ಷೇಮ ವಿಚಾರಿಸುವುದನ್ನು ಮರೆತಾರು, ಸಿಟ್ಟು ಬಂದವರು ಮರೆಯುವುದಿಲ್ಲ. "ಪತ್ರವ್ಯವಹಾರ ಹೋಗುತ್ತಿರುವ ದಿಕ್ಕು" ಎಂಬ ಮೂರು ಪದಗಳಲ್ಲಿ ವಾಷಿಂಗ್ಟನ್ ತಾನು ಎಲ್ಲವನ್ನೂ ಅರ್ಥಮಾಡಿಕೊಂಡಿರುವುದಾಗಿ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿದ್ದಾರೆ. ರೀಡ್ ಎಷ್ಟು ರಾತ್ರಿ ನಿದ್ದೆಗೆಟ್ಟನೋ!

ಹಳೆ ದಫ್ತರ:

ಧಾಟಿಯ ಚರ್ಚೆಗೆ ಮೊದಲು ಆ ದಿನಗಳ ಸ್ಥಿತಿಯನ್ನು ನೆನಪಿನಲ್ಲಿಡಬೇಕು. ವಾಷಿಂಗ್ಟನ್ ನ್ಯೂಜೆರ್ಸಿಯ ಉದ್ದಕ್ಕೂ ಹಿಮ್ಮೆಟ್ಟುತ್ತಿದ್ದರು. ನದಿ ದಾಟಿ ಬಂದು ಸೇರಿಕೊಳ್ಳಿ ಎಂದು ಲೀಗೆ ಪತ್ರದ ಮೇಲೆ ಪತ್ರ ಬರೆದರೂ ಆತ ಒಂದಲ್ಲ ಒಂದು ನೆಪ ಹೇಳಿ ನಿಧಾನ ಮಾಡುತ್ತಿದ್ದ. ಆ ನಿಧಾನದ ಹಿಂದೆ ಏನಿದೆ ಎಂಬುದು ಒಡೆದ ಆ ಲಕೋಟೆಯಿಂದ ವಾಷಿಂಗ್ಟನ್‌ಗೆ ತಿಳಿಯಿತು. ಅಂಥ ಹೊತ್ತಿನಲ್ಲಿ ಅಡ್ಜುಟೆಂಟ್ ಜನರಲನ್ನು ಕರೆಸಿ ವಿಚಾರಣೆ ಮಾಡಿದ್ದರೆ, ಉಳಿದಿದ್ದ ಸೇನೆಯಲ್ಲಿ ಎರಡು ಪಂಗಡಗಳಾಗುತ್ತಿದ್ದವು. ಡಿಸೆಂಬರ್ 18ರಂದು ತಮ್ಮ ಸೋದರನಿಗೆ ಅವರು ಬರೆದ ಪತ್ರದಲ್ಲಿ, ಹೊಸ ಸೈನ್ಯ ಬೇಗ ನೇಮಕವಾಗದಿದ್ದರೆ "ಆಟ ಬಹುಮಟ್ಟಿಗೆ ಮುಗಿದಂತೆಯೇ" ಎಂಬ ಮಾತಿದೆ. ಎಂಟು ದಿನಗಳ ನಂತರ ಟ್ರೆಂಟನ್ ಗೆಲುವು ಬಂತು ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಮನೆಯವರಿಗೆ ಹೇಳಿದ ಆ ಮಾತನ್ನು ಅವರು ರೀಡ್‌ಗೆ ಹೇಳುವಂತಿರಲಿಲ್ಲ. ಆದುದರಿಂದ ಚೀಟಿಯಲ್ಲಿ ಕ್ಷಮೆಯೂ ಇಲ್ಲ, ಏಟೂ ಇಲ್ಲ. ಇರುವುದು ಲೆಕ್ಕಾಚಾರ ಎಂದು ನಾನು ಓದುತ್ತೇನೆ.

ಲೀಯ ಕಥೆಯ ಉಳಿದ ಭಾಗವನ್ನೂ ಹೇಳಿಬಿಡುತ್ತೇನೆ. ಡಿಸೆಂಬರ್ 13ರ ಬೆಳಿಗ್ಗೆ ಆತ ತನ್ನ ಸೇನೆಯಿಂದ ದೂರದಲ್ಲಿ, ಬ್ಯಾಸ್ಕಿಂಗ್ ರಿಜ್ ಎಂಬ ಊರಿನ ಒಂದು ಹೆಂಡದಂಗಡಿಯಲ್ಲಿ ತಂಗಿದ್ದ. ಅಲ್ಲಿ ಕುಳಿತು ಜನರಲ್ ಹೊರೇಷಿಯೊ ಗೇಟ್ಸ್‌ಗೆ ಪತ್ರ ಬರೆದ. "ನಮ್ಮಿಬ್ಬರ ನಡುವೆ ಇರಲಿ, ಒಬ್ಬ ಮಹಾಪುರುಷನಿಗೆ ಇರಬೇಕಾದ ಯೋಗ್ಯತೆ ಏನೇನೂ ಸಾಲದು" ಎಂಬ ಮಾತು ಅದರಲ್ಲಿದೆ. ಮಹಾಪುರುಷ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಪತ್ರ ಮುಗಿಯುವಷ್ಟರಲ್ಲಿ ಬ್ರಿಟಿಷ್ ಕುದುರೆ ಸವಾರರು ಮನೆಯನ್ನು ಸುತ್ತುವರಿದು ಲೀಯನ್ನು ಹಿಡಿದೊಯ್ದರು. ಗೇಟ್ಸ್‌ನ ಓಲೆ ತಂದು ಅಲ್ಲೇ ಉಳಿದುಕೊಂಡಿದ್ದ ಜೇಮ್ಸ್ ವಿಲ್ಕಿನ್ಸನ್ ಎಂಬ ಹತ್ತೊಂಬತ್ತರ ಯುವಕ ಮಾತ್ರ ಅಡಗಿ ಉಳಿದು, ಆ ಪತ್ರವನ್ನು ಕಿಸೆಗೆ ಹಾಕಿಕೊಂಡು ಗೇಟ್ಸ್‌ಗೆ ಮುಟ್ಟಿಸಿದ. ಈ ಹುಡುಗನ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅನುವಾದಕಿ:

"ಹೊಯ್ದಾಟದ ಮನಸ್ಸು" ಚೆನ್ನಾಗಿದೆ. "ಚಂಚಲಚಿತ್ತ" ಎಂದು ಬರೆದಿದ್ದರೆ ಅದು ಶೀಲದ ದೋಷವೆಂಬಂತೆ ಕೇಳುತ್ತಿತ್ತು, ಲೀ ಆಡಿದ್ದು ಕೆಲಸದ ದೋಷದ ಮಾತು. ಆದರೆ ವಾಷಿಂಗ್ಟನ್ ಚೀಟಿಯಲ್ಲಿ "ಕ್ಷಮಾಪಣೆ" ಎಂಬ ಪದ ನನಗೆ ಹಿಡಿಸಲಿಲ್ಲ. ಅವರು ಬೇಡುತ್ತಿಲ್ಲ, ಕಾರಣ ಕೊಡುತ್ತಿದ್ದಾರೆ. "ಸಮಜಾಯಿಷಿ" ಎಂದರೆ ಹೇಗೆ? ಸೇನಾಪತಿಯೊಬ್ಬ ತನ್ನ ಕೈಕೆಳಗಿನವನಿಗೆ ಸಮಜಾಯಿಷಿ ಕೊಡುವುದೇ ಓದುಗನ ಎದೆಗೆ ಬೇರೆ ಬಗೆಯಲ್ಲಿ ತಾಕುತ್ತದೆ.

ಕೃಷ್ಣಾತೀರ:

ದಾರಿ ತಪ್ಪಿದ ಲಕೋಟೆಗಳ ವಿಷಯ ಬಂದಿರುವುದರಿಂದ ಬಂಡೆದ್ದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸಿನ ಸದಸ್ಯ ಜಾನ್ ಆಡಮ್ಸ್ ಅವರದ್ದನ್ನೂ ಇಲ್ಲಿ ಸೇರಿಸಬೇಕು. 1775ರ ಜುಲೈ 24ರಂದು ಅವರು ಫಿಲಡೆಲ್ಫಿಯಾದಿಂದ ಹೆಂಡತಿ ಅಬಿಗೇಲ್‌ಗೂ ಮಿತ್ರ ಜೇಮ್ಸ್ ವಾರೆನ್‌ಗೂ ಬರೆದ ಪತ್ರಗಳು ಬ್ರಿಟಿಷರ ಕೈಗೆ ಸಿಕ್ಕಿ, ಆಗಸ್ಟ್‌ನಲ್ಲಿ ಬಾಸ್ಟನ್ನಿನ ಪತ್ರಿಕೆಯಲ್ಲಿ ಅಚ್ಚಾದವು. ವಾರೆನ್‌ಗೆ ಬರೆದುದರಲ್ಲಿ, ರಾಜನಿಗೆ ಇನ್ನೊಂದು ಮನವಿ ಕಳಿಸೋಣ ಎನ್ನುತ್ತಿದ್ದ ಸಹಸದಸ್ಯ ಜಾನ್ ಡಿಕಿನ್ಸನ್ ಅವರನ್ನು ಹೆಸರಿಸದೆ "ದೊಡ್ಡ ಆಸ್ತಿಯ, ಪುಟಗೋಸಿ ಪ್ರತಿಭೆಯ ಮನುಷ್ಯ" ಎಂಬರ್ಥದ ಮಾತಿನಿಂದ ತಿವಿಯಲಾಗಿತ್ತು. (ಸ್ವಾರಸ್ಯವೆಂದರೆ, ನಮ್ಮ ಚಾರ್ಲ್ಸ್ ಲೀಯೂ ಅದೇ ಪತ್ರದಲ್ಲಿ ಇದ್ದಾನೆ: ಆತ ವಿಚಿತ್ರ ಪ್ರಾಣಿ, ಆತ ಬೇಕೆಂದರೆ ಆತನ ನಾಯಿಗಳನ್ನೂ ಪ್ರೀತಿಸಬೇಕು ಎಂದು.) ಪರಿಣಾಮವನ್ನು ಆಡಮ್ಸ್ ತಮ್ಮ ದಿನಚರಿಯಲ್ಲೇ ಬರೆದಿದ್ದಾರೆ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಚೆಸ್ಟ್‌ನಟ್ ಬೀದಿಯಲ್ಲಿ ಇಬ್ಬರೂ ಎದುರುಬದುರಾದರು, ಮೊಣಕೈಗೆ ಮೊಣಕೈ ತಗಲುವಷ್ಟು ಹತ್ತಿರ. ಆಡಮ್ಸ್ ಟೋಪಿ ತೆಗೆದು ಬಾಗಿದರು. ಡಿಕಿನ್ಸನ್ ಟೋಪಿಯನ್ನಾಗಲಿ ತಲೆಯನ್ನಾಗಲಿ ಕೈಯನ್ನಾಗಲಿ ಅಲುಗಿಸದೆ ಹೊರಟುಹೋದರು.

ಒಂದೇ ಸಭೆಯಲ್ಲಿ ಕುಳಿತು ಒಂದು ದೇಶವನ್ನು ಹುಟ್ಟಿಸಬೇಕಾದ ಇಬ್ಬರು ಹೀಗೆ. ರೀಡ್‌ಗೆ ಹೋದ ಚೀಟಿಯ ಬೆಲೆ ಈ ಬೀದಿಯ ಪಕ್ಕದಲ್ಲಿಟ್ಟಾಗ ತಿಳಿಯುತ್ತದೆ.

ಒಕ್ಕಣೆ:

"ಸಮಜಾಯಿಷಿ"ಯನ್ನು ಒಪ್ಪಿಕೊಂಡೆ, ಈಗಲೇ ತಿದ್ದುತ್ತೇನೆ. ಲೆಕ್ಕಾಚಾರ ಎಂಬ ವಾದಕ್ಕೆ ಮಾತ್ರ ಪೂರ್ತಿ ಒಪ್ಪಿಗೆಯಿಲ್ಲ. ಲೆಕ್ಕಾಚಾರದ ಮನುಷ್ಯ ಆ ಪತ್ರವನ್ನು ತನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡು, ಬೇಕಾದಾಗ ಆಯುಧದಂತೆ ತೆಗೆಯುತ್ತಿದ್ದ. ಇವರು ಮರಳಿ ಕಳಿಸಿಬಿಟ್ಟರು.

ಹಳೆ ದಫ್ತರ:

ಇನ್ನೊಂದು ಪತ್ರವನ್ನು ಆಯುಧದಂತೆ ತೆಗೆದದ್ದೂ ಉಂಟು, ಒಂದು ವರ್ಷದ ನಂತರ. ವಿಲ್ಕಿನ್ಸನ್ ಈಗ ಮತ್ತೆ ಪ್ರವೇಶಿಸುತ್ತಾನೆ.

1777ರ ಅಕ್ಟೋಬರ್ 17ರಂದು ಸರಟೋಗದಲ್ಲಿ ಬ್ರಿಟಿಷ್ ಸೇನೆ ಗೇಟ್ಸ್‌ಗೆ ಶರಣಾಯಿತು. ಅದೇ ಶರತ್ಕಾಲದಲ್ಲಿ ವಾಷಿಂಗ್ಟನ್ ಸೋಲುಗಳನ್ನು ಉಂಡು ಫಿಲಡೆಲ್ಫಿಯಾವನ್ನು ಕಳೆದುಕೊಂಡಿದ್ದರು. ಸೇನಾಪತಿಯನ್ನು ಬದಲಿಸಬಾರದೇಕೆ ಎಂಬ ಪಿಸುಮಾತು ಎದ್ದಿತು. ಐರ್ಲೆಂಡಿನಲ್ಲಿ ಹುಟ್ಟಿ ಫ್ರೆಂಚ್ ಸೇನೆಯಲ್ಲಿ ಬೆಳೆದು ಅಮೆರಿಕಕ್ಕೆ ಬಂದಿದ್ದ ಥಾಮಸ್ ಕಾನ್ವೇ ಎಂಬ ಜನರಲ್ ಗೇಟ್ಸ್‌ಗೆ ಪತ್ರ ಬರೆದಿದ್ದ. ಗೆಲುವಿನ ಸುದ್ದಿ ಹೊತ್ತು ಕಾಂಗ್ರೆಸ್ಸಿನ ಕಡೆಗೆ ಹೊರಟ ವಿಲ್ಕಿನ್ಸನ್, ದಾರಿಯಲ್ಲಿ ರೆಡಿಂಗ್ ಎಂಬ ಊರಿನಲ್ಲಿ ಕುಡಿತದ ಕೂಟದಲ್ಲಿ ಆ ಪತ್ರದ ಮಾತುಗಳನ್ನು ಹೊರಹಾಕಿದ. ಕೇಳಿದವನು ತನ್ನ ಮೇಲಧಿಕಾರಿ ಲಾರ್ಡ್ ಸ್ಟರ್ಲಿಂಗ್‌ಗೆ ಹೇಳಿದ, ಸ್ಟರ್ಲಿಂಗ್ ವಾಷಿಂಗ್ಟನ್‌ಗೆ ಬರೆದರು. ಆಗ ವಾಷಿಂಗ್ಟನ್ ಕಾನ್ವೇಗೆ ಕಳಿಸಿದ ಪತ್ರದ ಒಕ್ಕಣೆ ಇಷ್ಟೇ: ಮಹನೀಯರೇ, ನಿನ್ನೆ ರಾತ್ರಿ ಬಂದ ಪತ್ರದಲ್ಲಿ ಈ ಕೆಳಗಿನ ಸಾಲುಗಳಿದ್ದವು, "ನಿಮ್ಮ ದೇಶವನ್ನು ಉಳಿಸಲು ದೈವವೇ ನಿಶ್ಚಯಿಸಿದೆ, ಇಲ್ಲವಾದರೆ ದುರ್ಬಲ ಸೇನಾಪತಿಯೊಬ್ಬನೂ ಕೆಟ್ಟ ಸಲಹೆಗಾರರೂ ಸೇರಿ ಹಾಳುಮಾಡುತ್ತಿದ್ದರು" ಎಂದು ಜನರಲ್ ಕಾನ್ವೇ ಜನರಲ್ ಗೇಟ್ಸ್‌ಗೆ ಬರೆದಿದ್ದಾರಂತೆ, ನಿಮ್ಮ ವಿಧೇಯ ಸೇವಕ. ಪ್ರಶ್ನೆಯಿಲ್ಲ, ಆರೋಪವಿಲ್ಲ, ಶ್ರೀಮತಿಯವರಿಗೆ ವಂದನೆಯೂ ಇಲ್ಲ.

ಮುಂದಿನದು ಗೇಟ್ಸ್‌ನ ಫಜೀತಿ. ಡಿಸೆಂಬರ್‌ನಲ್ಲಿ ಆತ, ನನ್ನ ಪತ್ರಗಳನ್ನು ಯಾರೋ ಕದ್ದು ನಕಲು ಮಾಡಿದ್ದಾರೆ, ಕಳ್ಳನನ್ನು ಹಿಡಿಯಲು ನೆರವಾಗಿ ಎಂದು ವಾಷಿಂಗ್ಟನ್‌ಗೆ ಬರೆದು, ಅದರ ಪ್ರತಿಯನ್ನು ಕಾಂಗ್ರೆಸ್ಸಿಗೂ ಕಳಿಸಿದ. ನೀವು ಕಾಂಗ್ರೆಸ್ಸಿಗೆ ತೋರಿಸಿದ್ದರಿಂದ ನಾನೂ ಅದೇ ದಾರಿಯಲ್ಲಿ ಉತ್ತರಿಸಬೇಕಾಗಿದೆ ಎಂದು ವಾಷಿಂಗ್ಟನ್, ಮಾತು ಹೊರಬಿದ್ದದ್ದು ನಿಮ್ಮವನೇ ಆದ ವಿಲ್ಕಿನ್ಸನ್‌ನಿಂದ ಎಂದು ಎಲ್ಲರೆದುರು ತಿಳಿಸಿದರು. ಆಗ ಗೇಟ್ಸ್ ಮಾತು ಬದಲಿಸಿ, ಆ ಸಾಲೇ ಕಟ್ಟುಕಥೆ, ನನಗೆ ಬಂದ ಪತ್ರದಲ್ಲಿ ಅದಿಲ್ಲ ಎಂದ. ಹಾಗಾದರೆ ಮೊದಲು "ಕದ್ದ ನಕಲು" ಎಂದದ್ದೇಕೆ, ಪತ್ರವನ್ನೇ ತೋರಿಸಬಹುದಲ್ಲ ಎಂದು ವಾಷಿಂಗ್ಟನ್ 1778ರ ಫೆಬ್ರವರಿಯಲ್ಲಿ ಬರೆದ ಉತ್ತರ ವಕೀಲರ ಪಾಟೀಸವಾಲಿನಂತಿದೆ. ಗೇಟ್ಸ್ ಮೂಲವನ್ನು ಅವರಿಗೆ ತೋರಿಸಲೇ ಇಲ್ಲ.

ಈ ವಾಗ್ವಾದ ನಡೆಯುತ್ತಿದ್ದ ದಿನಗಳಲ್ಲೇ, ಡಿಸೆಂಬರ್ 23ರಂದು, ವ್ಯಾಲಿ ಫೋರ್ಜ್ ಬಿಡಾರದಿಂದ ಕಾಂಗ್ರೆಸ್ಸಿನ ಅಧ್ಯಕ್ಷ ಹೆನ್ರಿ ಲಾರೆನ್ಸ್‌ಗೆ ಅವರು ಬರೆದ ಪತ್ರದಲ್ಲಿ, ಕಾಲಿಗೆ ಜೋಡಿಲ್ಲದೆ ಮೈಗೆ ಬಟ್ಟೆಯಿಲ್ಲದೆ 2,898 ಮಂದಿ ಕೆಲಸಕ್ಕೆ ಬಾರದವರಾಗಿದ್ದಾರೆ ಎಂಬ ಲೆಕ್ಕವಿದೆ. ಸುಮಾರು ಮೂರು ಸಾವಿರ ಎಂದು ಬರೆಯಬಹುದಿತ್ತು. ಬರೆಯಲಿಲ್ಲ.

ಶ್ರೀರಂಗಪಟ್ಟಣ ವಾಸಿ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಕಾನ್ವೇ ಹೆಸರು ಕಂಡು ತಡೆಯಲಾಗಲಿಲ್ಲ. 1778ರ ಜುಲೈ 4ರಂದು ವಾಷಿಂಗ್ಟನ್ನರ ಪರವಾಗಿದ್ದ ಜನರಲ್ ಜಾನ್ ಕ್ಯಾಡ್ವಾಲಾಡರ್ ಜೊತೆ ನಡೆದ ದ್ವಂದ್ವಯುದ್ಧದಲ್ಲಿ ಬಾಯಿಗೆ ಗುಂಡು ತಗಲಿ, ಬದುಕುವುದಿಲ್ಲ ಎಂದುಕೊಂಡು, ಅದೇ ತಿಂಗಳು ಆತ ವಾಷಿಂಗ್ಟನ್‌ಗೆ ಪಶ್ಚಾತ್ತಾಪದ ಪತ್ರ ಬರೆದ; "ನನ್ನ ಕಣ್ಣಿಗೆ ನೀವು ದೊಡ್ಡವರು, ಒಳ್ಳೆಯವರು" ಎಂದ. ಆದರೆ ಬದುಕಿಕೊಂಡ. ಆಮೇಲೆ ಎಲ್ಲಿಗೆ ಬಂದ ಗೊತ್ತೇ? 1787ರಲ್ಲಿ ಭಾರತದಲ್ಲಿನ ಫ್ರೆಂಚ್ ನೆಲೆಗಳ ಮೇಲಧಿಕಾರಿಯಾಗಿ ಪಾಂಡಿಚೇರಿಗೆ. ಟಿಪ್ಪು ಸುಲ್ತಾನರ ರಾಯಭಾರಿಗಳು ಫ್ರೆಂಚ್ ದೊರೆ ಹದಿನಾರನೆಯ ಲೂಯಿಯನ್ನು ಕಾಣಲು ಅದೇ ಪಾಂಡಿಚೇರಿಯಿಂದ ಹಡಗು ಹತ್ತಿದ್ದೂ ಅದೇ ವರ್ಷ.

ಇನ್ನೊಂದು ಕೊಂಡಿ ಇದಕ್ಕಿಂತ ನೇರವಾದದ್ದು. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಕಪ್ತಾನ ತನ್ನ ಹದಿನಾರು ಫಿರಂಗಿಗಳ ಹಡಗಿನಿಂದ, ತನಗಿಂತ ಬಲವಾದ ಬ್ರಿಟಿಷ್ ಹಡಗು "ಜನರಲ್ ಮಾಂಕ್" ಅನ್ನು ಹಿಡಿದ. ಬಾರ್ನಿಯ ಹಡಗಿನ ಹೆಸರು "ಹೈದರ್ ಅಲಿ". ಬ್ರಿಟಿಷರೊಡನೆ ಕಾದುತ್ತಿದ್ದ ಮೈಸೂರಿನ ನವಾಬನ ಹೆಸರು ಪೆನ್ಸಿಲ್ವೇನಿಯಾದವರ ಬಾಯಲ್ಲಿ ಅಷ್ಟು ಓಡಾಡುತ್ತಿತ್ತು. ಹಿಡಿದ ಹಡಗಿಗೆ "ಜನರಲ್ ವಾಷಿಂಗ್ಟನ್" ಎಂದು ಹೆಸರಿಟ್ಟರು. ಅದೇ ವರ್ಷದ ಕೊನೆಗೆ ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅವರಿಗೆ ಕಾಂಗ್ರೆಸ್ಸಿನ ಪತ್ರಗಳನ್ನು ಬಾರ್ನಿ ಕೊಂಡೊಯ್ದದ್ದು ಅದರಲ್ಲಿಯೇ. ಹಾಗಾಗಿ ನಮ್ಮ ಹೈದರನ ಹೆಸರೂ ಈ ಟಪಾಲಿನ ಕಥೆಯಲ್ಲಿ ಹೊರಗಿನದಲ್ಲ.

ಶಾನುಭೋಗರ ಮೊಮ್ಮಗ:

ಎರಡೂ ನನಗೆ ಹೊಸ ವಿಷಯ. ಹಡಗಿನ ಟಪಾಲು ಎಂದಾಗ ಮೇಲೆ ಹೆಸರು ಬಂದ ಹೆನ್ರಿ ಲಾರೆನ್ಸ್ ನೆನಪಾಗುತ್ತಾರೆ. 1780ರಲ್ಲಿ ಡಚ್ಚರಿಂದ ಸಾಲ ಎತ್ತಲು ಹೊರಟಿದ್ದ ಅವರ ಹಡಗನ್ನು ಬ್ರಿಟಿಷರು ಸೆಪ್ಟೆಂಬರ್ 3ರಂದು ಅಟ್ಟಿಸಿ ಹಿಡಿದಾಗ, ಕಾಗದಪತ್ರಗಳ ಚೀಲವನ್ನು ಅವರು ಸಮುದ್ರಕ್ಕೆ ಎಸೆದರು. ಚೀಲ ಬೇಗ ಮುಳುಗಲಿಲ್ಲ; ಬ್ರಿಟಿಷ್ ನಾವಿಕರು ಕೊಕ್ಕೆ ಹಾಕಿ ಎಳೆದುಕೊಂಡರು. ಡಚ್ಚರೊಡನೆ ಮಾಡಿಕೊಳ್ಳಬೇಕೆಂದಿದ್ದ ಒಪ್ಪಂದದ ಕರಡು ಅದರೊಳಗಿತ್ತು. ಲಾರೆನ್ಸ್ ಲಂಡನ್ ಗೋಪುರದ ಸೆರೆಮನೆಗೆ ಹೋದರು, ಡಿಸೆಂಬರ್‌ನಲ್ಲಿ ಬ್ರಿಟನ್ ಡಚ್ಚರ ಮೇಲೆ ಯುದ್ಧ ಸಾರಿತು. ಚೀಲದಲ್ಲಿ ಇನ್ನೆರಡು ಗುಂಡುಕಲ್ಲು ಇದ್ದಿದ್ದರೆ!

ಕೃಷ್ಣಾತೀರ:

ಕಲ್ಲಿನ ಬದಲು ಸಂಕೇತಲಿಪಿ ಬಳಸಿದವರೂ ಇದ್ದರು. ವಾಷಿಂಗ್ಟನ್ನರ ಗೂಢಚಾರಿಕೆಯನ್ನು ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಟಾಲ್ಮ್ಯಾಜ್ ರಚಿಸಿದ ಸಂಕೇತಪಟ್ಟಿಯಲ್ಲಿ 763 ಸಂಖ್ಯೆಗಳಿದ್ದು, 711 ಎಂದರೆ ವಾಷಿಂಗ್ಟನ್, 727 ಎಂದರೆ ನ್ಯೂಯಾರ್ಕ್. ಬುದ್ಧಿವಂತಿಕೆ ಎಲ್ಲರಿಗೂ ಒಗ್ಗಲಿಲ್ಲ. ಕಾಂಗ್ರೆಸ್ ಸದಸ್ಯ ಜೇಮ್ಸ್ ಲೋವೆಲ್ ತಾನೇ ಹೊಸೆದ ಸಂಕೇತದಲ್ಲಿ ಬರೆದ ಪತ್ರಗಳನ್ನು ಬಿಡಿಸಲು ಜಾನ್ ಆಡಮ್ಸ್‌ಗೆ ಆಗುತ್ತಲೇ ಇರಲಿಲ್ಲ. ಹೀಗೆ ವೈರಿಗೂ ಮಿತ್ರನಿಗೂ ಸಮನಾಗಿ ಗುಟ್ಟು ಉಳಿಯಿತು.

ಎಲ್ಲ ಕಳವೂ ನಷ್ಟವಾಗಲಿಲ್ಲ ಎಂಬುದನ್ನೂ ಹೇಳಬೇಕು. ನ್ಯೂಯಾರ್ಕಿನ ಮೇಲೆ ದಾಳಿ ಮಾಡುವ ಯೋಜನೆಯನ್ನು ತಿಳಿಸಿ 1781ರ ಮೇ 31ರಂದು ವಾಷಿಂಗ್ಟನ್ ತಮ್ಮ ಸೇನೆಯಲ್ಲಿದ್ದ ಫ್ರೆಂಚ್ ಜನರಲ್ ಲಾಫಾಯೆತ್‌ಗೆ ಬರೆದ ಪತ್ರ ಬ್ರಿಟಿಷರ ಕೈಸೇರಿತು. ಯೋಜನೆ ಆಮೇಲೆ ಬದಲಾಗಿ ಸೇನೆ, ಕೊನೆಗೆ ಬ್ರಿಟಿಷರು ಶರಣಾದ ಯಾರ್ಕ್‌ಟೌನ್ ಕಡೆಗೆ ತಿರುಗಿದರೂ, ಬ್ರಿಟಿಷ್ ಸೇನಾಪತಿ ಕ್ಲಿಂಟನ್ ಆ ಪತ್ರವನ್ನು ನಂಬಿ ನ್ಯೂಯಾರ್ಕನ್ನೇ ಕಾಯುತ್ತ ಕುಳಿತ.

ಅನುವಾದಕಿ:

ಒಕ್ಕಣೆಯವರ ಪ್ರಶ್ನೆಗೆ ಮರಳೋಣ. ಆ ಚೀಟಿಯನ್ನು ಬರೆದ ಮನುಷ್ಯ ತನ್ನ ಪತ್ರಗಳ ಬಗ್ಗೆ ಎಷ್ಟು ಎಚ್ಚರದಿಂದಿದ್ದ ಎಂಬುದನ್ನು ಮರೆಯಬಾರದು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1781ರಲ್ಲಿ, ಅವರು ಕಾಂಗ್ರೆಸ್ಸಿನ ಒಪ್ಪಿಗೆ ಪಡೆದು ರಿಚರ್ಡ್ ವ್ಯಾರಿಕ್ ಎಂಬ ಅಧಿಕಾರಿಯನ್ನು ನೇಮಿಸಿ, ಗುಮಾಸ್ತರಿಂದ ತಮ್ಮ ಯುದ್ಧಕಾಲದ ಪತ್ರಗಳನ್ನೆಲ್ಲ ನಕಲು ಮಾಡಿಸಿದರು. ಅದು 44 ಸಂಪುಟಗಳಾಯಿತು. ಅಕ್ಷರ ಅಂದವಾಗಿರಬೇಕು, ಎಲ್ಲ ಸಂಪುಟಗಳೂ ಒಂದೇ ತೆರನಾಗಿ ಕಾಣಬೇಕು ಎಂಬ ಅಪ್ಪಣೆಯೂ ಇತ್ತು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ ಜಾಲದಲ್ಲಿ ಇಟ್ಟಿರುವ ಪುಟಗಳನ್ನು ನಾನು ಮೊಬೈಲಿನಲ್ಲೇ ಹಿಗ್ಗಿಸಿ ನೋಡುತ್ತಿರುತ್ತೇನೆ. ಎಲ್ಲೂ ಕಾಟು ಹೊಡೆದ ಗುರುತಿಲ್ಲದ, ಸಾಲು ಹಿಡಿದು ನಿಂತ ಆ ಅಕ್ಷರಗಳನ್ನು ಕಂಡಾಗ, ಒದ್ದೆ ಡೇರೆಯಲ್ಲಿ ಮೊದಲ ಸಲ ಬರೆದ ಹಾಳೆಯಲ್ಲಿ ಏನೆಲ್ಲ ಅಳಿಸಿತ್ತೋ ಎಂದು ಕುತೂಹಲವಾಗುತ್ತದೆ. ಇಳಿವಯಸ್ಸಿನಲ್ಲಿ ಅವರು ತಾವು 1750ರ ದಶಕದಲ್ಲಿ ಬರೆದಿದ್ದ ಪತ್ರಗಳ ಭಾಷೆಯನ್ನೂ ತಿದ್ದಿದರು. ಹೆಂಡತಿ ಮಾರ್ಥಾಗೆ ಬರೆದ ಪತ್ರಗಳಲ್ಲಿ ಉಳಿದಿರುವುದು ಮಾತ್ರ ಬೆರಳೆಣಿಕೆಯಷ್ಟು. ಹೀಗೆ ನಮಗೆ ಸಿಕ್ಕಿರುವ ವಾಷಿಂಗ್ಟನ್, ಬಹುಮಟ್ಟಿಗೆ ಅವರೇ ಇಸ್ತ್ರಿ ಹಾಕಿ ಕೊಟ್ಟ ವಾಷಿಂಗ್ಟನ್.

ಒಕ್ಕಣೆ:

ಈ ಮಾತಿಗೆ ನನ್ನಲ್ಲಿ ಒಂದು ಉತ್ತರವಿದೆ, ಅದು ಅವರ ಪತ್ರದಲ್ಲೇ ಇದೆ. ರೀಡ್ ತನ್ನ ಮೂಲಪತ್ರವನ್ನು ಲೀಯಿಂದ ಹಿಂದಕ್ಕೆ ಪಡೆದು ವಾಷಿಂಗ್ಟನ್‌ಗೆ ತೋರಿಸಬೇಕೆಂದಿದ್ದ, ಲೀ ಸೆರೆಯಾದ್ದರಿಂದ ಅದು ಕೈಗೂಡಲಿಲ್ಲ. ತಿಂಗಳುಗಟ್ಟಲೆ ತಡಮಾಡಿ ಆತ ಕ್ಷಮೆ ಕೋರಿ ಬರೆದಾಗ, 1777ರ ಜೂನ್‌ನಲ್ಲಿ ವಾಷಿಂಗ್ಟನ್ ಉತ್ತರಿಸಿದರು. ನನ್ನ ಕರಡು ಹೀಗಿದೆ: "ನನಗೆ ನೋವಾಗಿತ್ತು ನಿಜ. ಅದರಲ್ಲಿದ್ದ ಮಾತುಗಳಿಂದ ನನ್ನ ವಿವೇಕಕ್ಕೆ ಅನ್ಯಾಯವಾಯಿತೆಂದು ನೊಂದವನಲ್ಲ ನಾನು. ಅದೇ ಅಭಿಪ್ರಾಯವನ್ನು ಒಡನೆಯೇ ನನಗೇ ತಿಳಿಸಲಿಲ್ಲವಲ್ಲ ಎಂದು ನೊಂದೆ." ಇಸ್ತ್ರಿ ಹಾಕಿದ ಬಟ್ಟೆಯಲ್ಲೂ ಒಂದು ಸುಕ್ಕು ಉಳಿದಿದೆ ಎನ್ನಬಹುದಲ್ಲವೇ? ನವೆಂಬರ್‌ನ ಚೀಟಿಯನ್ನು ಈ ಸಾಲಿನ ಬೆಳಕಿನಲ್ಲಿ ಓದಿದರೆ ಅದು ಏಟೂ ಲೆಕ್ಕಾಚಾರವೂ ಅನಿಸದೆ, ನೋವನ್ನು ನುಂಗಿಕೊಂಡು ಬರೆದದ್ದು ಎಂದು ನನಗೆ ಕಾಣುತ್ತದೆ. ಶಾನುಭೋಗರ ಮೊಮ್ಮಗ ಅವರು ಕೊನೆಯ ಸಾಲನ್ನು ಕುಹಕವೆಂದು ಓದಿದ್ದಾರೆ. ನಾನು ಹಾಗೆ ಓದಲಾರೆ.

ಶಾನುಭೋಗರ ಮೊಮ್ಮಗ:

ಜೂನ್ ಪತ್ರದ ಮುಂದೆ ನನ್ನ ವಾದ ಸ್ವಲ್ಪ ಸಡಿಲವಾಯಿತು, ಒಪ್ಪುತ್ತೇನೆ. ಆದರೂ ಆ ಕೊನೆಯ ಸಾಲಿನಲ್ಲಿ ಬಂದುಹೋಗುವ ಶ್ರೀಮತಿ ರೀಡ್ ಯಾರು? ಅವರ ಹೆಸರು ಬೇರೆಲ್ಲಾದರೂ ಇದೆಯೇ?

ಅನುವಾದಕಿ:

ಧಾರಾಳವಾಗಿ ಇದೆ. ಎಸ್ತರ್ ರೀಡ್ ಲಂಡನ್ನಿನಲ್ಲಿ ಹುಟ್ಟಿದವರು. 1780ರಲ್ಲಿ, ಗಂಡ ಪೆನ್ಸಿಲ್ವೇನಿಯಾದ ಅಧ್ಯಕ್ಷನಾಗಿದ್ದಾಗ, ಅವರು ಫಿಲಡೆಲ್ಫಿಯಾದ ಹೆಂಗಸರನ್ನು ಒಟ್ಟುಗೂಡಿಸಿ ಮನೆಮನೆಗೆ ಹೋಗಿ ಸೈನಿಕರಿಗಾಗಿ 3,00,000 ಡಾಲರುಗಳಿಗೂ ಮಿಕ್ಕಿ ಹಣ ಎತ್ತಿದರು. ಬೆಲೆ ಕುಸಿದಿದ್ದ ಕಾಗದದ ಹಣ, ಹಾಗಾಗಿ ಅಂಕಿಯಷ್ಟು ದೊಡ್ಡ ಮೊತ್ತವಲ್ಲ. ಜುಲೈನಲ್ಲಿ ವಾಷಿಂಗ್ಟನ್‌ಗೆ ಬರೆದು, ಇದನ್ನು ನಾಣ್ಯವಾಗಿ ಬದಲಿಸಿ ಒಬ್ಬೊಬ್ಬ ಸೈನಿಕನ ಕೈಗೂ ಎರಡೆರಡು ಡಾಲರು ಕೊಡಬೇಕೆಂಬುದು ನಮ್ಮ ಇಷ್ಟ ಎಂದರು. ಅದಕ್ಕೆ ವಾಷಿಂಗ್ಟನ್ ಒಪ್ಪಲಿಲ್ಲ. ಕಾಗದದ ಸಂಬಳ ಪಡೆಯುವವರಿಗೆ ಗಟ್ಟಿ ನಾಣ್ಯದ ರುಚಿ ಹತ್ತಿಸಿದರೆ ಅಸಮಾಧಾನ ಹೆಚ್ಚುತ್ತದೆ, ಕೆಲವರು ಕುಡಿದು ಶಿಕ್ಷೆಗೆ ಗುರಿಯಾಗುತ್ತಾರೆ, ಅಂಗಿ ಹೊಲಿಸಿಕೊಡಿ ಎಂದು ಉತ್ತರಿಸಿದರು. ಅಂಗಿ ಸರ್ಕಾರ ಕೊಡಬೇಕಾದದ್ದು, ನಾವು ಕೊಡುವುದು ಅದಕ್ಕಿಂತ ಬೇರೆಯಾಗಿರಲಿ ಎಂಬುದು ಎಸ್ತರ್ ಅವರ ಆಸೆಯಾಗಿತ್ತು. ಕೊನೆಗೆ ಅಂಗಿಗೇ ಒಪ್ಪಿಕೊಂಡರು.

ಅವರು ಅದೇ ಸೆಪ್ಟೆಂಬರ್ 18ರಂದು ತೀರಿಕೊಂಡರು. ಫ್ರಾಂಕ್ಲಿನ್ ಅವರ ಮಗಳು ಸಾರಾ ಬಾಶ್ ಮತ್ತಿತರರು ಕೆಲಸ ಮುಂದುವರಿಸಿ, ವರ್ಷಾಂತ್ಯದ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಅಂಗಿಗಳನ್ನು ಕಳಿಸಿದರು. ಪ್ರತಿಯೊಂದು ಅಂಗಿಯ ಮೇಲೂ ಅದನ್ನು ಹೊಲಿದವಳ ಹೆಸರಿತ್ತು.

ಒಕ್ಕಣೆ:

ಈ ಉತ್ತರದ ನಂತರ ಚೀಟಿಯ ಕೊನೆಯ ಸಾಲನ್ನು ತಿದ್ದಿದ್ದೇನೆ. "ಗೌರವಪೂರ್ವಕ" ಎಂಬುದು ಭಾರವಾಗಿತ್ತು, ತೆಗೆದೆ. "ಶ್ರೀಮತಿ ರೀಡ್ ಅವರಿಗೆ ನನ್ನ ವಂದನೆ ತಿಳಿಸಿ" ಎಂದಷ್ಟೇ ಇಟ್ಟಿದ್ದೇನೆ. ಮುಂದಿನ ಸಲ ಎಸ್ತರ್ ಅವರ ಜುಲೈ ಪತ್ರದ ಕರಡನ್ನು ಇಲ್ಲಿ ಹಾಕುತ್ತೇನೆ.